ಇನ್‌ಸ್ಟ್ರುಮೆಂಟ್ ಅಪ್ರೋಚ್ ಮತ್ತು ನೋಟಾಮ್ ಪರಿಶೀಲನೆ

ಮೋಡ, ಮಳೆ, ಕತ್ತಲೆಗಳಿಂದ ರನ್‌ವೇ ಕಾಣದಿರುವಾಗ ವಿಮಾನ ಚಾಲಕರು ರೇಡಿಯೊ ಸಂಕೇತಗಳನ್ನೂ ನಕ್ಷೆಯಲ್ಲಿ ನಮೂದಾದ ಎತ್ತರಗಳನ್ನೂ ನಂಬಿ ಇಳಿಯುತ್ತಾರೆ. ಇದನ್ನೇ ಇನ್‌ಸ್ಟ್ರುಮೆಂಟ್ ಅಪ್ರೋಚ್ ಎನ್ನಲಾಗುತ್ತದೆ. ಈ ನಕ್ಷೆಗಳ ಪರಿಷ್ಕರಣೆ 28 ದಿನಗಳ ಆವರ್ತನವನ್ನು ಅನುಸರಿಸುತ್ತದೆ. ಈ ನಡುವೆ ಸಂಕೇತ ಕೇಂದ್ರವೊಂದು ಕೆಟ್ಟರೆ ಅಥವಾ ಇಳಿಯುವ ಹಾದಿಯಲ್ಲಿ ಕ್ರೇನೊಂದು ಎದ್ದು ನಿಂತರೆ ಅದನ್ನು ತಿಳಿಸುವುದು ನಕ್ಷೆಯಲ್ಲ, ನೋಟಾಮ್ ಎಂಬ ಸುರಕ್ಷಾ ಸೂಚನೆ. ಅಮೆರಿಕದಲ್ಲಿ 2021ರಲ್ಲಿ ಈ ಹೆಸರಿನ ವಿಸ್ತೃತ ರೂಪವನ್ನು ಬದಲಾಯಿಸಿ 2025ರಲ್ಲಿ ಮತ್ತೆ ಹಳೆಯದಕ್ಕೇ ಮರಳಿದ್ದುಂಟು. ಚಾಲಕರ ಕಷ್ಟವಿದ್ದುದು ಹೆಸರಿನಲ್ಲಲ್ಲ.

ಸೂಚನೆಯನ್ನು ಓದುವುದು ಬೇರೆ, ಅದರಂತೆ ಇಳಿಯುವ ಕ್ರಮವನ್ನು ಮನಸ್ಸಿನಲ್ಲಿ ಮರುರೂಪಿಸಿಕೊಳ್ಳುವುದು ಬೇರೆ. 1997ರ ಆಗಸ್ಟ್ 6ರ ನಸುಕಿನಲ್ಲಿ ಗುವಾಮ್ ದ್ವೀಪದಲ್ಲಿ ನಡೆದ ಕೊರಿಯನ್ ಏರ್ 801ರ ದುರಂತ ಇದಕ್ಕೆ ನಿದರ್ಶನವಾಗಿದೆ. ಐಎಲ್‌ಎಸ್ ವ್ಯವಸ್ಥೆಯಲ್ಲಿ ಲೋಕಲೈಜರ್ ರನ್‌ವೇಯ ನೇರವನ್ನೂ ಗ್ಲೈಡ್ ಸ್ಲೋಪ್ ಇಳಿಜಾರನ್ನೂ ತೋರಿಸುತ್ತವೆ. ಗುವಾಮಿನಲ್ಲಿ ಗ್ಲೈಡ್ ಸ್ಲೋಪ್ ಸ್ಥಗಿತಗೊಂಡಿತ್ತು, ನೋಟಾಮ್ ಹೊರಟಿತ್ತು. ಚಾಲಕರಿಗೆ ಇದು ತಿಳಿದಿರಲಿಲ್ಲವೇ? ತಿಳಿದಿತ್ತು. ಕ್ಯಾಪ್ಟನ್ ತಾವೇ ಅದನ್ನು ಪ್ರಸ್ತಾಪಿಸಿದ್ದರು, ನಿಯಂತ್ರಕರೂ ಎಚ್ಚರಿಸಿದ್ದರು. ಆದರೂ ಇಳಿಯುವ ಹೊತ್ತಿನಲ್ಲಿ ಗ್ಲೈಡ್ ಸ್ಲೋಪ್ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬ ಮಾತು ಕಾಕ್‌ಪಿಟ್ಟಿನಲ್ಲಿ ನಡೆದಿತ್ತು.

ಗ್ಲೈಡ್ ಸ್ಲೋಪ್ ಇಲ್ಲದಾಗ ಮೆಟ್ಟಿಲಿಳಿದಂತೆ, ನಿಗದಿತ ದೂರಗಳಲ್ಲಿ ನಿಗದಿತ ಎತ್ತರವನ್ನು ಕಾಯ್ದುಕೊಂಡು ಇಳಿಯಬೇಕು. ಗುವಾಮಿನಲ್ಲಿ ದೂರವನ್ನು ಅಳೆಯುವ ವಿಒಆರ್/ಡಿಎಂಇ ಕೇಂದ್ರ ವಿಮಾನ ನಿಲ್ದಾಣದಲ್ಲಿರದೆ, ಅದಕ್ಕೂ ಸುಮಾರು 6 ಕಿ.ಮೀ. ಮೊದಲೇ ನಿಮಿಟ್ಜ್ ಗುಡ್ಡದ ಮೇಲಿತ್ತು. ಆ ಕೇಂದ್ರವನ್ನು ದಾಟುವವರೆಗೆ 1,440 ಅಡಿಗಿಂತ ಕೆಳಗಿಳಿಯುವಂತಿರಲಿಲ್ಲ. ವಿಮಾನ ಇಳಿಯುತ್ತಲೇ ಹೋಗಿ ಗುಡ್ಡಕ್ಕೆ ಬಡಿಯಿತು. 254 ಜನರಲ್ಲಿ 228 ಮಂದಿ ಮೃತಪಟ್ಟರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2000ದ ವರದಿಯಲ್ಲಿ ಕ್ಯಾಪ್ಟನ್ ಈ ಅಪ್ರೋಚನ್ನು ಸಮರ್ಪಕವಾಗಿ ವಿವರಿಸಿಕೊಳ್ಳದೆ, ಸರಿಯಾಗಿ ನಿರ್ವಹಿಸದೆ ಹೋದುದನ್ನೂ, ಜೊತೆಯವರು ತಾಳೆ ನೋಡದೆ ಹೋದುದನ್ನೂ ಕಾರಣವೆಂದು ಗುರುತಿಸಿತು. ದಣಿವು, ತರಬೇತಿಯ ಕೊರತೆ, ನೆಲದ ಮೇಲಿನ ಕನಿಷ್ಠ ಎತ್ತರದ ಎಚ್ಚರಿಕೆ ವ್ಯವಸ್ಥೆಯನ್ನು ಅಡಗಿಸಿಟ್ಟಿದ್ದುದು ಇವೂ ಸೇರಿಕೊಂಡಿದ್ದವು. ಆದ್ದರಿಂದ ಹೊಣೆಯೆಲ್ಲವನ್ನೂ ಕಾಕ್‌ಪಿಟ್ಟಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ನೋಟಾಮ್ ಏನಿಲ್ಲವೆಂಬುದನ್ನು ಹೇಳಿತ್ತು. ಉಳಿದುದರಿಂದ ಹೇಗೆ ಇಳಿಯಬೇಕೆಂಬುದನ್ನು ನಕ್ಷೆಯೊಡನೆ ಹೋಲಿಸಿ ಚಾಲಕರೇ ನಿರ್ಧರಿಸಿಕೊಳ್ಳಬೇಕಾಗಿತ್ತು.

ಸೂಚನೆಗಳ ರಾಶಿಯೂ ಒಂದು ತೊಡಕೇ. 2017ರ ಜುಲೈ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 28 ಎಡ ರನ್‌ವೇ ಮುಚ್ಚಿ, ಅದರ ದೀಪಗಳೂ ಆರಿದ್ದವು. ಏರ್ ಕೆನಡಾ 759ರ ಚಾಲಕರು ಪಕ್ಕದ 28 ಬಲ ರನ್‌ವೇಯನ್ನೇ ಎಡದ್ದೆಂದು ಭ್ರಮಿಸಿ, ಅದರಾಚೆ ನಾಲ್ಕು ವಿಮಾನಗಳು ಕಾದು ನಿಂತಿದ್ದ ಟ್ಯಾಕ್ಸಿವೇಯತ್ತ ಇಳಿದರು. ನೆಲಕ್ಕೆ ಸುಮಾರು 60 ಅಡಿಯವರೆಗೆ ಬಂದು ಮೇಲೇರಿದರು. ತಪ್ಪನ್ನು ಬಯಲಿಗೆಳೆಯಬಹುದಾಗಿದ್ದ ಐಎಲ್‌ಎಸ್ ತರಂಗವನ್ನೂ ಅವರು ಹೊಂದಿಸಿರಲಿಲ್ಲ. ರನ್‌ವೇ ಮುಚ್ಚಿದ ಸೂಚನೆ ಅವರ ಕೈಯಲ್ಲಿದ್ದ 27 ಪುಟಗಳ ಕಡತದ 8ನೆಯ ಪುಟದಲ್ಲಿತ್ತು.