ನವೆಗೆ ಮುಲಾಮು ಹಚ್ಚುವ ಮುಂಚೆ



ನಾವು ದಿನವೆಲ್ಲ ಪಾತ್ರೆ ತಿಕ್ಕುತ್ತೇವೆ. ಬಟ್ಟೆ ಒಗೆಯುತ್ತೇವೆ. ಬಿಸಿಲಲ್ಲಿ ಹೊಲದ ಕೆಲಸ ಮಾಡುತ್ತೇವೆ. ಸೊಂಟದಲ್ಲಿ ಲಂಗದ ಲಾಡಿ ಬಿಗಿಯಾಗಿರುತ್ತದೆ. ಅಲ್ಲಿ ಬೆವರು ನಿಲ್ಲುತ್ತದೆ. ಚರ್ಮ ಕೆಂಪಾಗಿ ನವೆ ಶುರುವಾಗುತ್ತದೆ. ನಾಚಿಕೆ, ಯಾರಿಗೂ ಹೇಳುವುದಿಲ್ಲ. ಔಷಧಿ ಅಂಗಡಿಗೆ ಹೋಗಿ, "ನವೆಗೆ ಒಂದು ಟ್ಯೂಬು ಕೊಡಣ್ಣಾ" ಅಂತೇವೆ.

ಹಚ್ಚಿದ ಎರಡು ದಿನಕ್ಕೇ ನವೆ ನಿಲ್ಲುತ್ತದೆ. ಹಾಗಾದರೆ ರೋಗ ವಾಸಿಯಾಯಿತೇ? ನೋಡೋಣ.

ಟ್ಯೂಬಿನಲ್ಲಿ ಏನಿದೆ?

ಇಂಥ ಅನೇಕ ಮುಲಾಮುಗಳಲ್ಲಿ ಎರಡು ಔಷಧಿ ಬೆರೆತಿರುತ್ತವೆ. ಒಂದು ಸ್ಟೀರಾಯ್ಡ್. ಇದು ಊತ, ಕೆಂಪು, ನವೆ ತಗ್ಗಿಸುತ್ತದೆ. ಇನ್ನೊಂದು ಆಂಟಿಬಯಾಟಿಕ್. ಇದು ಕೀವು ಮಾಡುವ ರೋಗಾಣುಗಳನ್ನು ಕೊಲ್ಲುತ್ತದೆ. ಇಸುಬು ಕೆರೆದು ಕೀವಾದರೆ ವೈದ್ಯರು ಇದನ್ನು ಕೊಡಬಹುದು. ಅದೂ ಸ್ವಲ್ಪ ದಿನಕ್ಕೆ ಮಾತ್ರ.

ಹುಳುಕಡ್ಡಿಯೇ ಬೇರೆ. ಅದು ಉಂಗುರದ ಹಾಗೆ ದುಂಡಗೆ ಹಬ್ಬುತ್ತದೆ. ಹಳಸಿದ ರೊಟ್ಟಿಯ ಮೇಲೆ ಬೂಷ್ಟು ಬರುತ್ತದಲ್ಲ, ಅಂಥದೇ ಒಂದು ಬೂಷ್ಟು ಚರ್ಮದಲ್ಲಿ ಬೆಳೆದು ಹುಳುಕಡ್ಡಿ ಆಗುತ್ತದೆ. ಈ ಎರಡು ಔಷಧಿಗಳೂ ಆ ಬೂಷ್ಟನ್ನು ಕೊಲ್ಲುವುದಿಲ್ಲ. ಸ್ಟೀರಾಯ್ಡ್ ನವೆಯನ್ನು ಅಡಗಿಸುತ್ತದೆ. ಬೂಷ್ಟು ಹಬ್ಬುತ್ತಲೇ ಇರುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಮುಲಾಮು ನಿಲ್ಲಿಸಿದರೆ ಮತ್ತೆ ಜೋರಾಗುತ್ತದೆ. ಮತ್ತೊಂದು ಟ್ಯೂಬು ತರುತ್ತೇವೆ. ದುಡ್ಡೂ ಹೋಯಿತು, ರೋಗವೂ ಉಳಿಯಿತು!

ಕಜ್ಜಿಯೂ ಅಷ್ಟೇ. ಅದು ಬಹಳ ಸಣ್ಣ ಹುಳದಿಂದ ಬರುತ್ತದೆ. ಅದಕ್ಕೆ ಬೇರೆ ಔಷಧಿ ಇದೆ. ಮನೆಮಂದಿಯೆಲ್ಲ ಒಟ್ಟಿಗೇ ಹಚ್ಚಿಕೊಳ್ಳಬೇಕು.

ಬಹಳ ದಿನ ಹಚ್ಚಿದರೆ ಏನಾಗುತ್ತದೆ?

ಚರ್ಮ ತೆಳ್ಳಗಾಗುತ್ತದೆ. ಬಸುರಿಯ ಹೊಟ್ಟೆ ಮೇಲೆ ಬರುವಂಥ ಗೆರೆಗಳು ತೊಡೆ ಸಂದಿಯಲ್ಲಿ ಬೀಳುತ್ತವೆ. ಆ ಗೆರೆ ಪೂರ್ತಿ ಹೋಗುವುದಿಲ್ಲ.

ಬೆಳ್ಳಗಾಗಲಿ ಎಂದು ಕೆಲವರು ಇದನ್ನು ಮುಖಕ್ಕೆ ಹಚ್ಚುತ್ತಾರೆ. ಮೊದಲು ಮುಖ ತಿಳಿಯಾಗಿ ಕಾಣುತ್ತದೆ. ಆಮೇಲೆ ಮೊಡವೆ ಏಳುತ್ತವೆ, ಕೂದಲು ಬರುತ್ತದೆ. ಹಚ್ಚುವುದು ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ. ಹೆಣ್ಣು ನೋಡಲು ಬರುತ್ತಾರೆಂದು ಮಗಳ ಮುಖಕ್ಕೆ ಇದನ್ನು ಹಚ್ಚುವುದು ಬೇಡ.

2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಅಂಗಡಿಯವರು ಕೊಟ್ಟರೂ ನಾವು ಕೊಳ್ಳಬಾರದು.

ಹೆಸರು ತಿಳಿಯುವುದು ಹೇಗೆ?

ಟ್ಯೂಬಿನ ಮೇಲೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸೋಣ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ - ಇವು ಸ್ಟೀರಾಯ್ಡ್‌ಗಳ ಹೆಸರು. ಈಗ ನಮಗೆ ಬರೆಯಲು ಬರುತ್ತದಲ್ಲ! ಈ ಮೂರು ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳೋಣ.

ವೈದ್ಯರು ಈ ಮುಲಾಮು ಕೊಟ್ಟರೆ ಹೀಗೆ ಮಾಡೋಣ:

* ಎಲ್ಲಿಗೆ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಹಚ್ಚಬೇಕು? ಕೇಳಿ ಬರೆದುಕೊಳ್ಳೋಣ.
* ತೆಳ್ಳಗೆ ಹಚ್ಚೋಣ. ತೋರುಬೆರಳಿನ ತುದಿಯ ಒಂದು ಗೆಣ್ಣಿನಷ್ಟು ಮುಲಾಮು ಎರಡು ಅಂಗೈ ಅಗಲದ ಜಾಗಕ್ಕೆ ಸಾಕು.
* ಹಚ್ಚಿದ ಮೇಲೆ ಕೈ ತೊಳೆಯೋಣ. ಕಣ್ಣಿಗೆ ತಾಕಿಸಬಾರದು.
* ವೈದ್ಯರು ಹೇಳದೆ ಮುಖಕ್ಕೆ, ತೊಡೆ ಸಂದಿಗೆ, ಮಗುವಿನ ಮೈಗೆ ಹಚ್ಚಬಾರದು.
* ನಮ್ಮ ಟ್ಯೂಬನ್ನು ಇನ್ನೊಬ್ಬರಿಗೆ ಕೊಡಬಾರದು.
* ಆಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಟ್ಯೂಬನ್ನು ವೈದ್ಯರಿಗೆ ತೋರಿಸಿ, ನಿಲ್ಲಿಸುವುದು ಹೇಗೆಂದು ಕೇಳೋಣ.

ಹುಳುಕಡ್ಡಿ ಆದವರ ಬಟ್ಟೆ, ಟವೆಲು ಬೇರೆ ಇರಲಿ. ಒಗೆದು ಬಿಸಿಲಿಗೆ ಒಣಹಾಕೋಣ. ಸ್ನಾನದ ನಂತರ ಮೈ ಒರೆಸಿ, ಒಣಗಿದ ಬಟ್ಟೆ ಉಡೋಣ. ಬೂಷ್ಟಿನ ಔಷಧಿಯನ್ನು ವೈದ್ಯರು ಹೇಳಿದಷ್ಟು ವಾರ ಬಿಡದೆ ಹಚ್ಚೋಣ.

ಸೊಂಟದ ನವೆಯೂ ರೋಗವೇ, ಜ್ವರವೂ ರೋಗವೇ. ಜ್ವರ ಬಂದರೆ ಹೇಳಿಕೊಳ್ಳುತ್ತೇವೆ. ನವೆ ಹೇಳಿಕೊಳ್ಳಲು ನಾಚಿಕೆ ಯಾಕೆ? ಆಶಾ ಕಾರ್ಯಕರ್ತೆಯ ಹತ್ತಿರ ಹೇಳೋಣ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸೋಣ.