ಕೃತಕಬುದ್ಧಿಯೊಡನೆ ಸಹವಾಸ

ಕಳೆದ ಮಾಘಮಾಸದಲ್ಲಿ ನನ್ನ ತಮ್ಮನ ಮಗಳ ವಿವಾಹವು ನಿಶ್ಚಯವಾಯಿತು. ಲಗ್ನಪತ್ರಿಕೆಯ ಶಿರೋಭಾಗದಲ್ಲಿ ದಾಂಪತ್ಯವಿಷಯಕವಾದ ಒಂದು ಸುಭಾಷಿತವಿರಬೇಕೆಂದು ಮನೆಯವರ ಅಪೇಕ್ಷೆ. ಸಂಸ್ಕೃತದ ಮೇಷ್ಟರಾಗಿದ್ದ ನನ್ನ ಮೇಲೆಯೇ ಆ ಭಾರವು ಬೀಳತಕ್ಕದ್ದಾಗಿತ್ತು. ಆದರೆ ವಧುವಿನ ಅಣ್ಣನು ಅರ್ಧ ನಿಮಿಷದೊಳಗೆ ಮೊಬೈಲಿನಲ್ಲಿ ಒಂದು ಶ್ಲೋಕವನ್ನು ಪಡೆದು, “ದೊಡ್ಡಪ್ಪಾ, ಭರ್ತೃಹರಿಯದಂತೆ, ನೋಡಿ” ಎಂದು ಮುಂದೆ ಹಿಡಿದನು. ಭಾವವು ರಮ್ಯವಾಗಿದ್ದಿತು. “ಭೇಷ್” ಎಂದುಬಿಟ್ಟೆನು. ಆ ಮಾತಿಗಾಗಿ ನನಗೆ ಈಗಲೂ ನಾಚಿಕೆಯಾಗುತ್ತದೆ.

ರಾತ್ರಿ ಮಲಗಿ ಶ್ಲೋಕವನ್ನು ಮನಸ್ಸಿನಲ್ಲಿ ಹೇಳಿಕೊಂಡಾಗ ಮೂರನೆಯ ಪಾದದಲ್ಲಿ ನಾಲಗೆ ಎಡವಿತು. ಅನುಷ್ಟುಪ್ಪಿನ ಪಾದಕ್ಕೆ 8 ಅಕ್ಷರಗಳು. ಇಲ್ಲಿ 9 ಇದ್ದವು. ಎದ್ದು ದೀಪ ಹಾಕಿ ಭರ್ತೃಹರಿಯ ಮೂರು ಶತಕಗಳನ್ನೂ ತಿರುವಿ ನೋಡಿದೆನು, ಎಲ್ಲಿಯೂ ಸಿಕ್ಕಲಿಲ್ಲ. ಬೆಳಗ್ಗೆ ಯಂತ್ರವನ್ನೇ ಕೇಳಿಸಿದರೆ ಅದು ಅಳುಕದೆ ಒಂದು ಶ್ಲೋಕಸಂಖ್ಯೆಯನ್ನು ಹೇಳಿತು. ಆ ಸಂಖ್ಯೆಯಲ್ಲಿದ್ದುದು ಬೇರೆಯೇ ಶ್ಲೋಕ. ಹಾಗೆಂದು ತಿಳಿಸಿದೊಡನೆ ಕ್ಷಮೆ ಬೇಡಿ ಇನ್ನೊಂದನ್ನು ಹೊಸೆದುಕೊಟ್ಟಿತು! ಪತ್ರಿಕೆಯು ಮರುದಿನವೇ ಅಚ್ಚಿಗೆ ಹೋಗಬೇಕಾಗಿದ್ದಿತು.

ಈ ಯಂತ್ರವು ಬೇಕೆಂದು ಸುಳ್ಳಾಡುತ್ತದೆಯೆ? ಹಾಗೆನ್ನಲಾಗದು. 2022ನೆಯ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಎಂಬುದು ಜನರ ಕೈಗೆ ಬಂದಂದಿನಿಂದ ಮನೆಮಾತಾಗಿರುವ ಈ ಬಗೆಯ ಯಂತ್ರಗಳು ಅಪಾರವಾದ ಬರಹಗಳಿಂದ ಪದಗಳ ಸಾಂಗತ್ಯವನ್ನು ಕಲಿತು, ಒಂದು ಪದದ ಮುಂದೆ ಯಾವುದು ಬರುವುದು ಸಂಭವವೆಂದು ಎಣಿಸುತ್ತ ವಾಕ್ಯವನ್ನು ಬೆಳೆಸುತ್ತವೆ. ನಮ್ಮ ಪಂಡಿತರ ಸಮಸ್ಯಾಪೂರಣವನ್ನು ವಾಚಕರು ಬಲ್ಲರಷ್ಟೆ. ಕೊಟ್ಟ ಪಾದಕ್ಕೆ ಉಳಿದ ಪಾದಗಳು ಹೊಂದಬೇಕೇ ಹೊರತು, ಅದರಲ್ಲಿ ಹೇಳಿದ ಸಂಗತಿ ನಡೆದಿರಬೇಕೆಂಬ ನಿಯಮವಿಲ್ಲ.

ವಾಕ್ಯಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳಿರಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. ಯಂತ್ರದ ವಾಕ್ಯದಲ್ಲಿ ಈ ಮೂರೂ ಇರುತ್ತವೆ. ಆದುದರಿಂದಲೇ ನಾವು ಮೋಸಹೋಗುವುದು. ನೈಯಾಯಿಕರಾದರೋ ಶಬ್ದವನ್ನು ಪ್ರಮಾಣವೆಂದು ಒಪ್ಪಿದರೂ ಅದು ಆಪ್ತನ ಮಾತಾಗಿರಬೇಕೆಂದರು. ಆಪ್ತನೆಂದರೆ ವಿಷಯವನ್ನು ಸ್ವತಃ ಕಂಡರಿತು, ಕಂಡಂತೆ ತಿಳಿಸಲಿಚ್ಛಿಸುವವನು. ಯಂತ್ರವು ಯಾವುದನ್ನು ಕಂಡಿದೆ?

ಈ ವಿವೇಕವನ್ನು ಮರೆತವರಲ್ಲಿ ವಿದ್ಯಾವಂತರೂ ಇದ್ದಾರೆ. ವಿಮಾನದಲ್ಲಿ ಗಾಯಗೊಂಡ ಪ್ರಯಾಣಿಕನೊಬ್ಬನ ಪರವಾಗಿ ನ್ಯೂಯಾರ್ಕಿನ ವಕೀಲರು ಸಲ್ಲಿಸಿದ ಲಿಖಿತವಾದದಲ್ಲಿ ಉದಾಹರಿಸಿದ್ದ ಆರು ತೀರ್ಪುಗಳು ಎಲ್ಲಿಯೂ ಇರಲೇ ಇಲ್ಲ, ಚಾಟ್‌ಜಿಪಿಟಿ ಕಲ್ಪಿಸಿದ್ದವು. ವಕೀಲರು ಅದನ್ನೇ “ಇದು ನಿಜವಾದ ಮೊಕದ್ದಮೆಯೆ?” ಎಂದು ಕೇಳಿದ್ದರು, ಅದು ಹೌದೆಂದಿತ್ತು! 2023ನೆಯ ಜೂನ್‌ನಲ್ಲಿ ನ್ಯಾಯಾಧೀಶರು 5,000 ಡಾಲರ್ ದಂಡವನ್ನು ವಿಧಿಸಿದರು, ಯಂತ್ರಕ್ಕಲ್ಲ, ರುಜು ಹಾಕಿದವರ ಕಡೆಗೆ. ಸಾಕ್ಷಿಯ ಸತ್ಯಕ್ಕೆ ಆ ಸಾಕ್ಷಿಯನ್ನೇ ಸಾಕ್ಷಿ ಕರೆದರೆ ಇನ್ನೇನಾದೀತು?

ಹಾಗೆಂದು ಯಂತ್ರವನ್ನು ಬಹಿಷ್ಕರಿಸೆಂದು ನಾನು ಹೇಳುವವನಲ್ಲ. ಅದರೊಡನೆ ಕೆಲಸ ಮಾಡಲು ಮೊದಲು ಬೇಕಾದುದು ಕೇಳುವ ಕಲೆ. ನಮ್ಮ ಬೀದಿಯ ನಲ್ಲಿಯ ವಿಷಯವಾಗಿ ಪುರಸಭೆಗೆ ಒಂದು ಅರ್ಜಿಯನ್ನು ಬರೆಯೆಂದಾಗ ಅದು ಜಲಮಹಿಮೆಯನ್ನು ವರ್ಣಿಸಿತು. ಎಷ್ಟು ದಿನದಿಂದ ನೀರಿಲ್ಲ, ಎಷ್ಟು ಮನೆಗಳಿಗೆ, ಹಿಂದೆ ಎಂದು ದೂರು ಕೊಟ್ಟಿದ್ದೆವು, ಅರ್ಜಿ ಒಂದು ಪುಟ ಮೀರಬಾರದು ಎಂದೆಲ್ಲ ತಿಳಿಸಿದ ಮೇಲೆ ನನ್ನ ಕೈಯಿಂದಲೂ ಆಗದಷ್ಟು ಅಚ್ಚುಕಟ್ಟಾಗಿ ಬರೆದುಕೊಟ್ಟಿತು. ಆದರೆ ಎರಡನೆಯದಾದ ಪರೀಕ್ಷಿಸುವ ಶಕ್ತಿಯು ಅಷ್ಟು ಸುಲಭವಾಗಿ ಬರುವುದಿಲ್ಲ. ಗಣ, ಪ್ರಸ್ತಾರಗಳನ್ನು ಚಿಕ್ಕಂದಿನಲ್ಲಿ ಪೆಟ್ಟು ತಿಂದು ಕಲಿತಿರದಿದ್ದರೆ ಆ ಒಂದು ಅಕ್ಷರ ನನಗೆ ಕಾಣುತ್ತಿತ್ತೆ? (ಪೆಟ್ಟನ್ನು ನಾನು ಸಮರ್ಥಿಸುತ್ತಿಲ್ಲ.) ಲೆಕ್ಕವನ್ನು ತಾನಾಗಿ ಮಾಡಿ ನೋಡದ ಹುಡುಗನಿಗೆ ಯಂತ್ರದ ಲೆಕ್ಕದ ತಪ್ಪು ಹೇಗೆ ತಿಳಿದೀತು? ಮಕ್ಕಳು ಮೊದಲು ತಮ್ಮ ಕೈಯಿಂದಲೇ ಬರೆದು, ಅನಂತರ ಯಂತ್ರಕ್ಕೆ ತೋರಿಸಲೆಂದು ನಮ್ಮ ಮನೆಯಲ್ಲಿ ಕಟ್ಟುಮಾಡಿದ್ದೇನೆ. ಎಷ್ಟು ದಿನ ನಡೆಯುವುದೋ ಕಾಣೆ.

ಲಗ್ನಪತ್ರಿಕೆಯ ಕನ್ನಡ ಒಕ್ಕಣೆಯನ್ನು ಯಂತ್ರವೇ ಬರೆಯಿತು, ಚೆನ್ನಾಗಿಯೇ ಇತ್ತು. ಆಹ್ವಾನಿಸುವವರ ಸಾಲಿನಲ್ಲಿ ಮಾತ್ರ ಸ್ವರ್ಗಸ್ಥರಾದ ನಮ್ಮ ತಂದೆಯವರ ಹೆಸರನ್ನೂ ಸೇರಿಸಿಬಿಟ್ಟಿತ್ತು. ಅವರು ಇಲ್ಲವೆಂದು ನಾವು ಹೇಳಿರಲಿಲ್ಲ, ತಪ್ಪು ನಮ್ಮದೇ. ನನ್ನ ತಾಯಿಯವರ ಕಣ್ಣಿಗೆ ಬೀಳುವ ಮೊದಲೇ ಹುಡುಗನು ಅದನ್ನು ಗುರುತಿಸಿ ತಿದ್ದಿದನು. ಶ್ಲೋಕವನ್ನು ನಾನೇ ರಚಿಸಿದೆನು. ಪಾದಕ್ಕೆ 8 ಅಕ್ಷರಗಳಂತೆ ಎರಡು ಸಲ ಎಣಿಸಿ, ಕೆಳಗೆ ಯಾವ ಕವಿಯ ಹೆಸರನ್ನೂ ಹಾಕದೆ ಅಚ್ಚಿಗೆ ಕಳುಹಿಸಿದೆವು.