ಬೋಧಿವೃಕ್ಷವೂ ಕಡಲೂ

ಶ್ರೀಲಂಕೆಗೆ ಪ್ರವಾಸ ಹೋಗುವವರು ಸಾಮಾನ್ಯವಾಗಿ ತಮ್ಮ ದಿನಗಳನ್ನು ಎರಡು ಪಾಲು ಮಾಡಿಕೊಳ್ಳುತ್ತಾರೆ. ಒಂದು ಪಾಲು ವಿಹಾರಗಳಿಗೆ: ಅನುರಾಧಪುರದ ಸ್ತೂಪಗಳು, ದಂಬುಲ್ಲದ ಗುಹೆಗಳು, ಕ್ಯಾಂಡಿಯ ದಂತಮಂದಿರ. ಇನ್ನೊಂದು ಪಾಲು ಹಿಕ್ಕಡುವ, ಉನವಟುನ, ಮಿರಿಸ್ಸಗಳ ಮರಳದಂಡೆಗೆ. ಪಾದರಕ್ಷೆ ಕಳಚಿ ತಲೆಬಾಗಿ ನಡೆಯುವ ಪುಣ್ಯಸ್ಥಳ ಬೇರೆ, ವಿನೋದದ ಕಡಲು ಬೇರೆ ಎಂಬುದು ಇದರ ಹಿಂದಿನ ಭಾವನೆ. ದ್ವೀಪದ ಚರಿತ್ರೆ ಈ ವಿಂಗಡಣೆಯನ್ನು ಒಪ್ಪುವುದಿಲ್ಲ. ಅಲ್ಲಿನ ಬೌದ್ಧಧರ್ಮದ ಬಾಳು ಕಡಲಿನೊಡನೆಯೇ ಹೆಣೆದುಕೊಂಡಿದೆ.

ಪಾಲಿ ಭಾಷೆಯ 'ಮಹಾವಂಸ'ವನ್ನು ನೋಡಬಹುದು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಕ್ಕೆ, ಎಂದರೆ ನಮ್ಮ ಬನವಾಸಿಯ ಸೀಮೆಗೆ, ಕಳುಹಿಸಿದ ಸಂಗತಿಯನ್ನು ಹೇಳುವ ಗ್ರಂಥವೂ ಇದೇ. ಅದರ ಪ್ರಕಾರ ಅಶೋಕನ ಮಗ ಮಹಿಂದನು ಲಂಕೆಗೆ ಆಕಾಶಮಾರ್ಗವಾಗಿ ಬಂದನು. ಮಗಳು ಸಂಘಮಿತ್ತೆ ಮಾತ್ರ ಬೋಧಿವೃಕ್ಷದ ಶಾಖೆಯೊಡನೆ ಹಡಗಿನಲ್ಲಿ ಬಂದಳು. ಉತ್ತರ ತೀರದ ಜಂಬುಕೋಲದಲ್ಲಿ ದೇವಾನಾಂಪಿಯ ತಿಸ್ಸನು ಕತ್ತುಮಟ್ಟದ ನೀರಿಗಿಳಿದು ಅದನ್ನು ಬರಮಾಡಿಕೊಂಡನಂತೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅನುರಾಧಪುರದಲ್ಲಿ ನೆಟ್ಟ ಆ ಮರ ಇಂದಿಗೂ ಪೂಜೆಗೊಳ್ಳುತ್ತಿದೆ. ಕ್ಯಾಂಡಿಯಲ್ಲಿರುವ ದಂತಧಾತುವೂ 4ನೆಯ ಶತಮಾನದಲ್ಲಿ ಕಳಿಂಗದ ರಾಜಕುಮಾರಿಯೊಬ್ಬಳ ಮುಡಿಯಲ್ಲಿ ಅಡಗಿ ಕಡಲು ದಾಟಿತೆಂಬುದು ಸಂಪ್ರದಾಯ.

ಬಂದವರಲ್ಲಿ ದೂರದವರೂ ಇದ್ದರು. 5ನೆಯ ಶತಮಾನದ ಆರಂಭದಲ್ಲಿ ವಿನಯಗ್ರಂಥಗಳನ್ನರಸುತ್ತ ಬಂದ ಚೀನದ ಭಿಕ್ಷು ಫಾಹಿಯಾನ್ ಈ ದ್ವೀಪದಲ್ಲಿ ಎರಡು ವರ್ಷ ನಿಂತನು. ಅಭಯಗಿರಿ ವಿಹಾರದ ಬುದ್ಧಮೂರ್ತಿಯ ಮುಂದೆ ವರ್ತಕನೊಬ್ಬ ತನ್ನ ನಾಡಿನ ಬಿಳಿಯ ರೇಷ್ಮೆಯ ಬೀಸಣಿಗೆಯನ್ನು ಅರ್ಪಿಸಿದ್ದನ್ನು ಕಂಡು ಅವನ ಕಣ್ಣು ತುಂಬಿತು. ಅವನು ಊರಿಗೆ ಮರಳಿದ್ದೂ ವ್ಯಾಪಾರಿಗಳ ಹಡಗಿನಲ್ಲಿಯೇ. ಸಾವಿರ ವರ್ಷಗಳ ಅನಂತರ ಚೀನದ ನೌಕಾಧಿಪತಿ ಝೆಂಗ್ ಹೆ ತಂದ, 1409ರ ತೇದಿಯುಳ್ಳ ಶಾಸನವೊಂದು 1911ರಲ್ಲಿ ಗಾಲೆಯಲ್ಲಿ ದೊರೆಯಿತು. ಈಗ ಕೊಲಂಬೊ ವಸ್ತುಸಂಗ್ರಹಾಲಯದಲ್ಲಿದೆ. ಅದರ ಚೀನೀ ಪಾಠ ಬುದ್ಧನಿಗೆ, ತಮಿಳು ಪಾಠ ವಿಷ್ಣುವಿಗೆ, ಪಾರಸಿ ಪಾಠ ಅಲ್ಲಾಹನಿಗೆ ಕಾಣಿಕೆ ಸಲ್ಲಿಸುತ್ತದೆ. ಒಂದೇ ಬಂದರಿನಲ್ಲಿ ಮೂರು ಭಕ್ತಿಗಳಿಗೂ ಎಡೆಯಿತ್ತೆಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಆದರೆ ತಂದುಕೊಡುವ ಕಡಲು ಕೊಂಡೊಯ್ಯುವುದನ್ನೂ ಬಲ್ಲುದು. ಸಂಘಮಿತ್ತೆಯ ಆಗಮನವನ್ನು ಲಂಕೆಯ ಬೌದ್ಧರು ವರ್ಷವರ್ಷವೂ 'ಉಂದುವಪ್' ಹುಣ್ಣಿಮೆಯಂದು ಸ್ಮರಿಸುತ್ತಾರೆ. 2004ರಲ್ಲಿ ಆ ಹುಣ್ಣಿಮೆ ಡಿಸೆಂಬರ್ 26ರಂದು ಬಂದಿತ್ತು. ಅಂದೇ ಸುನಾಮಿಯ ಅಲೆಗಳು ತೀರಕ್ಕೆ ನುಗ್ಗಿದವು. ಲಂಕೆಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಮಡಿದರು. ಹಿಕ್ಕಡುವದ ಸಮೀಪದ ಪೆರಲಿಯದಲ್ಲಿ ರಜೆಯ ಜನರಿಂದ ಕಿಕ್ಕಿರಿದಿದ್ದ ರೈಲು ನಿಂತಿತ್ತು. ಮೊದಲ ಅಲೆಗೆ ಅಂಜಿದ ಊರವರು ರಕ್ಷಣೆಗೆಂದು ಅದನ್ನೇರಿದರು. ಅನಂತರದ ಹೆದ್ದೆರೆ ಗಾಡಿಯನ್ನೇ ಉರುಳಿಸಿತು. ಸಾವಿರಕ್ಕೂ ಹೆಚ್ಚು ಜೀವಗಳು ಅಲ್ಲಿ ಹೋದವು.

ಇಂದು ಆ ಸ್ಥಳದ ಹತ್ತಿರ ಜಪಾನೀಯರ ನೆರವಿನಿಂದ ನಿಂತ ಎತ್ತರದ ಬುದ್ಧವಿಗ್ರಹವಿದೆ. 2001ರಲ್ಲಿ ಆಫ್ಘಾನಿಸ್ತಾನದಲ್ಲಿ ಒಡೆದುಹಾಕಲಾದ ಬಾಮಿಯಾನ್ ಬುದ್ಧನ ಮಾದರಿಯಲ್ಲಿ ಅದನ್ನು ಕಡೆಯಲಾಗಿದೆ. ಸ್ನಾನಕ್ಕೂ ಸೂರ್ಯಾಸ್ತಕ್ಕೂ ಹೊರಟ ಪ್ರವಾಸಿಗರು ಆ ದಾರಿಯಲ್ಲಿಯೇ ಸಾಗುತ್ತಾರೆ. ಅಲ್ಲಿ ಅರೆಗಳಿಗೆ ಇಳಿದು ನಿಂತವರಿಗೆ, ಅನುರಾಧಪುರದ ಮರ ಬಂದ ದಾರಿಯೂ ಈ ನೀರೇ, ಈ ಊರಿನವರು ಹೋದ ದಾರಿಯೂ ಈ ನೀರೇ ಎಂಬುದು ತಿಳಿಯುತ್ತದೆ. ಆಮೇಲೆ ಮರಳಿನ ಮೇಲೆ ನಡೆಯುವಾಗಲೂ ಪಾದರಕ್ಷೆ ಕಳಚಬೇಕೆನ್ನಿಸಿದರೆ ಅದು ಸಹಜವೇ.